ತೂಕ ಇಳಿಕೆ ಶಸ್ತ್ರಚಿಕಿತ್ಸೆಯ ನಂತರ ಪಿತ್ತಕೋಶದ ಕಲ್ಲು: ಸಾರ್ವಜನಿಕರ ಮಾಹಿತಿಗಾಗಿ

ಅತಿಯಾದ ಬೊಜ್ಜಿನ ನಿವಾರಣೆಗಾಗಿ ಸ್ಲೀವ್ ಅಥವಾ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಮೊದಲ ಕೆಲವು ತಿಂಗಳುಗಳ ಅವಧಿಯಲ್ಲಿ ಪಿತ್ತಕೋಶದ ಕಲ್ಲು ಉಂಟಾಗುವ ಸಂಭವವು ಹೆಚ್ಚಾಗಿರುತ್ತದೆ. ಆಗ ಕಾಣಿಸಿಕೊಳ್ಳುವ ಹೊಟ್ಟೆನೋವನ್ನು ‘ಗ್ಯಾಸ್ಟ್ರಿಕ್’ ಎಂದೋ, ಹೊಲಿಗೆಯ ನೋವೆಂದೋ ಭಾವಿಸಿ ಮನೆಯಲ್ಲಿಯೇ ದಿನ ಕಳೆಯುವುದು ಅಪಾಯಕ್ಕೆ ಎಡೆಮಾಡಿಕೊಡಬಹುದಾದ್ದರಿಂದ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

ಯಕೃತ್ತಿನಲ್ಲಿ ಉತ್ಪತ್ತಿಯಾಗುವ ಪಿತ್ತರಸವು ಪಿತ್ತಕೋಶದಲ್ಲಿ ಸಂಗ್ರಹವಾಗಿ, ಜಿಡ್ಡಿನ ಅಂಶವುಳ್ಳ ಆಹಾರ ಸೇವಿಸಿದಾಗ ಕರುಳಿಗೆ ಬಿಡುಗಡೆಯಾಗುತ್ತದೆ. ತೂಕವು ವೇಗವಾಗಿ ಇಳಿಯುವಾಗ, ಅಂದರೆ ವಾರಕ್ಕೆ ಸುಮಾರು ಒಂದೂವರೆ ಕಿ.ಗ್ರಾಂ.ಗಿಂತ ಹೆಚ್ಚಾಗಿ ಇಳಿಯುವಾಗ, ಕರಗಿದ ಕೊಬ್ಬಿನಿಂದ ಹೊರಬಂದ ಕೊಲೆಸ್ಟರಾಲ್ ಪಿತ್ತರಸಕ್ಕೆ ಸೇರುತ್ತದೆ. ಇತ್ತ ಆಹಾರದ ಪ್ರಮಾಣ ಕಡಿಮೆಯಾಗಿರುವುದರಿಂದ ಪಿತ್ತಕೋಶವು ಸಂಕುಚಿತಗೊಳ್ಳುವುದೂ ಕಡಿಮೆಯಾಗುತ್ತದೆ. ಜಮೆ ಹೆಚ್ಚಿ ವಿಲೇವಾರಿ ನಿಂತಂತಾಗಿ, ಕೊಲೆಸ್ಟರಾಲ್ ಹರಳುಗಟ್ಟಿ ಕಲ್ಲಾಗುತ್ತದೆ. ಆದ್ದರಿಂದ ಬೇಗ ತೂಕ ಇಳಿಯಲೆಂದು ವೈದ್ಯರು ಸೂಚಿಸಿದ್ದಕ್ಕಿಂತ ಹೆಚ್ಚಾಗಿ ಉಪವಾಸ ಮಾಡುವುದು ಸೂಕ್ತವಲ್ಲ.

ಇದರ ತಡೆಗಾಗಿ ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳವರೆಗೆ ನೀಡಲಾಗುತ್ತದೆ. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬೈಪಾಸ್ ನಂತರ ಈ ಔಷಧ ಪಡೆಯದವರಲ್ಲಿ ಶೇ. 32ರಷ್ಟು ಜನರಿಗೆ ಕಲ್ಲು ಉಂಟಾಗಿದ್ದು, ದಿನಕ್ಕೆ 600 ಮಿ.ಗ್ರಾಂ. ಪಡೆದವರಲ್ಲಿ ಇದು ಶೇ. 2 ಮಾತ್ರ ಇತ್ತು. ನೆದರ್ಲೆಂಡ್ಸ್ ದೇಶದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವು ಕಲ್ಲಿನಿಂದ ತೊಂದರೆ ಅನುಭವಿಸಿದವರನ್ನು ಮಾತ್ರ ಪರಿಗಣಿಸಿದ್ದು, ಔಷಧ ಪಡೆದವರಲ್ಲಿ ಶೇ. 6.5 ಹಾಗೂ ಪಡೆಯದವರಲ್ಲಿ ಶೇ. 9.7 ಎಂದು ಕಂಡುಬಂದಿದೆ. ಎರಡು ಅಧ್ಯಯನಗಳ ಅಂಕಿಗಳಲ್ಲಿನ ಅಂತರಕ್ಕೆ ಕಾರಣವೂ ಇದೇ: ಕಲ್ಲು ಇರುವ ಬಹುತೇಕರಿಗೆ ಯಾವ ತೊಂದರೆಯೂ ಇರುವುದಿಲ್ಲ. ಆದುದರಿಂದಲೇ ಕಲ್ಲು ಇಲ್ಲದವರ ಪಿತ್ತಕೋಶವನ್ನು ಮುಂಜಾಗ್ರತೆಗಾಗಿ ತೆಗೆಯುವ ಪದ್ಧತಿ ಈಗ ವಾಡಿಕೆಯಲ್ಲಿಲ್ಲ. ಮೈ ಹಗುರವಾಯಿತೆಂದು ಮಾತ್ರೆಯನ್ನು ಎರಡನೆಯ ತಿಂಗಳಿಗೇ ನಿಲ್ಲಿಸಬಾರದು.

ಊಟದ ನಂತರ ಹೊಟ್ಟೆಯ ಮೇಲ್ಭಾಗದಲ್ಲಿ, ವಿಶೇಷವಾಗಿ ಬಲಗಡೆ, ತೀವ್ರ ನೋವು ಬಂದು ಬೆನ್ನಿಗೆ ಅಥವಾ ಬಲ ಭುಜಕ್ಕೆ ಹರಡಿ ಗಂಟೆಗಟ್ಟಲೆ ಉಳಿಯುವುದು ಇದರ ಮುಖ್ಯ ಲಕ್ಷಣ. ಜೀರಿಗೆ ಕಷಾಯದಿಂದಾಗಲಿ, ಅಂಗಡಿಯಿಂದ ತಂದ ಮಾತ್ರೆಯಿಂದಾಗಲಿ ಕಲ್ಲು ಕರಗುವುದಿಲ್ಲ. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಿಂದ ಕಲ್ಲನ್ನು ಪತ್ತೆ ಮಾಡಬಹುದಾಗಿದೆ. ಚಳಿಜ್ವರ, ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು ಅಥವಾ ನಿಲ್ಲದ ವಾಂತಿ ಕಂಡುಬಂದಲ್ಲಿ ಕಲ್ಲು ಪಿತ್ತನಾಳಕ್ಕೆ ಜಾರಿರುವ ಇಲ್ಲವೇ ಮೇದೋಜೀರಕ ಗ್ರಂಥಿಯು ಉರಿಯೂತಕ್ಕೆ ಒಳಗಾಗಿರುವ ಸಾಧ್ಯತೆ ಇರುವುದರಿಂದ, ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು.

ಬೈಪಾಸ್ ಮಾಡಿಸಿಕೊಂಡವರು ಮತ್ತೊಂದು ಅಂಶವನ್ನು ಗಮನಿಸಬೇಕು. ನಾಳದಲ್ಲಿ ಸಿಲುಕಿದ ಕಲ್ಲನ್ನು ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ತೆಗೆಯುವುದು ರೂಢಿ. ಬೈಪಾಸ್ ನಂತರ ಕರುಳಿನ ಮಾರ್ಗವೇ ಬದಲಾಗಿರುವುದರಿಂದ ಸಾಮಾನ್ಯ ಎಂಡೋಸ್ಕೋಪ್ ಅಲ್ಲಿಗೆ ತಲುಪುವುದು ಕಷ್ಟ. ವಿಶೇಷ ವಿಧಾನಗಳು ಬೇಕಾಗುತ್ತವೆ. ಆದಕಾರಣ ಯಾವ ಆಸ್ಪತ್ರೆಗೆ ಹೋದರೂ, ತಮಗೆ ಆಗಿರುವ ಶಸ್ತ್ರಚಿಕಿತ್ಸೆ ಯಾವುದು, ಎಂದು ಆಯಿತು ಎಂಬುದನ್ನು ಮೊದಲೇ ತಿಳಿಸತಕ್ಕದ್ದು. ಡಿಸ್ಚಾರ್ಜ್ ಸಮ್ಮರಿ ಹಾಗೂ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿಸಿದ ಸ್ಕ್ಯಾನಿಂಗ್ ವರದಿಯ ಪ್ರತಿಗಳನ್ನು ಮನೆಯವರಿಗೆ ತಿಳಿದಿರುವ ಸ್ಥಳದಲ್ಲಿ ಇಟ್ಟುಕೊಳ್ಳಬೇಕು. ವೆಚ್ಚ ಮರುಪಾವತಿಗೆ ಮೂಲ ಪ್ರತಿಗಳನ್ನು ಸಲ್ಲಿಸುವವರು ಅದಕ್ಕೆ ಮೊದಲೇ ಜೆರಾಕ್ಸ್ ತೆಗೆದಿರಿಸಿಕೊಳ್ಳಲು ಕೋರಲಾಗಿದೆ.