ಚಳಿಗಾಲದ ರಸ್ತೆ ಓಟ: ಭಾಷಣ ಆಮೇಲಿರಲಿ

ಪುಷ್ಯ ಮಾಸವೆಂದರೆ ನಮ್ಮ ತೋಟಗಳಲ್ಲಿ ಕಾಫಿ ಕೊಯ್ಲು, ಅಂಗಳದಲ್ಲಿ ಅಡಿಕೆ ಒಣಹಾಕುವ ಕೆಲಸ. ಅದೇ ಮಾಸದ ಬಹುಳ ಬಿದಿಗೆಯಂದು ಕೊಪ್ಪಳದಲ್ಲಿ ಗವಿಸಿದ್ಧೇಶ್ವರರ ಮಹಾರಥೋತ್ಸವ. ಬಯಲುಸೀಮೆಯಿಂದ ಕೊಯ್ಲಿಗೆ ಬರುವವರಲ್ಲಿ ಆ ಕಡೆಯವರೂ ಇರುವುದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಮ್ಮ ಸದಸ್ಯರಿಗೆ ಅಪರಿಚಿತ ಹೆಸರುಗಳಲ್ಲ.

ಆ ಸೀಮೆಯಲ್ಲಿ ಚಳಿಗಾಲದ ನಸುಕಿನಲ್ಲಿ ರಸ್ತೆಯ ಮೇಲೆ ಓಡುವ ಹುಡುಗ ಹುಡುಗಿಯರಲ್ಲಿ ಹಲವರಿಗೆ ಅದು ಬರಿಯ ಆಟವಲ್ಲ. ಪೊಲೀಸ್ ಪೇದೆ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. ಮಳೆ ನಂಬಿದ ಒಕ್ಕಲು ಮನೆಗೆ ಒಂದು ಸರ್ಕಾರಿ ನೌಕರಿಯ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಊರಿನ ಓಟದ ಸ್ಪರ್ಧೆ ಇಂಥವರಿಗೆ ಪರೀಕ್ಷೆಯ ತಾಲೀಮು. ಅಲ್ಲಿ ಕಾಲು ಉಳುಕಿದರೆ ವರ್ಷವೇ ಹಾಳು.

ಚಳಿ ವೈರಿಯಲ್ಲ

ಓಡುವ ಮೈ ತಾನೇ ಶಾಖ ಹುಟ್ಟಿಸುತ್ತದೆ. ಆದ್ದರಿಂದ ದೂರದ ಓಟಕ್ಕೆ ಬಿಸಿಲಿಗಿಂತ ತಂಪು ಹೊತ್ತೇ ಲೇಸು. ಕೀನ್ಯಾದ ಕೆಲ್ವಿನ್ ಕಿಪ್ಟುಮ್ 2023ರ ಅಕ್ಟೋಬರ್ 8ರಂದು ಶಿಕಾಗೋದಲ್ಲಿ ಮ್ಯಾರಥಾನನ್ನು 2 ಗಂಟೆ 35 ಸೆಕೆಂಡಿನಲ್ಲಿ ಓಡಿದ್ದು ತಂಪಾದ ಬೆಳಿಗ್ಗೆಯೇ. ತೊಂದರೆ ಇರುವುದು ಓಟಕ್ಕೆ ಮುಂಚೆ ನಿಂತು ಕಾಯುವುದರಲ್ಲಿ ಮತ್ತು ಓಟ ಮುಗಿದ ಮೇಲೆ ಬೆವರಿನ ಬಟ್ಟೆಯಲ್ಲಿ ಕೂರುವುದರಲ್ಲಿ.

ಹೊತ್ತು ಮತ್ತು ಹಾದಿ

ಜನವರಿಯಲ್ಲಿ ಆ ಭಾಗದಲ್ಲಿ ಸೂರ್ಯ ಹುಟ್ಟುವುದು 7 ಗಂಟೆಗೆ ಕೆಲವೇ ನಿಮಿಷ ಮುಂಚೆ. ಕತ್ತಲಲ್ಲಿ ಓಟ ಬಿಡುವುದು ಬೇಡ. ಬೆಳಕು ಹರಿದ ಕೂಡಲೇ ಬಿಟ್ಟರೆ ಬಿಸಿಲೇರುವ ಮೊದಲು ಮುಗಿಯುತ್ತದೆ. ಗಂಗಾವತಿ ಕಡೆ ಭತ್ತದ ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಕಾಳು ಒಣಹಾಕುತ್ತಾರೆ; ಹಿಂದಿನ ದಿನವೇ ಹಾದಿ ನೋಡಿ ರೈತರೊಡನೆ ಮಾತನಾಡಿರಬೇಕು. ಕುಷ್ಟಗಿಯ ಮೇಲೆ ಹೊಸಪೇಟೆ–ವಿಜಯಪುರ ಹೆದ್ದಾರಿ, ಕೊಪ್ಪಳದ ಮೇಲೆ ಹುಬ್ಬಳ್ಳಿ ಹೆದ್ದಾರಿ ಹಾದುಹೋಗುತ್ತವೆ. ಲಾರಿ ಓಡಾಡುವ ಈ ದಾರಿಗಳನ್ನು ಬಿಟ್ಟು ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆಯನ್ನು ಆರಿಸುವುದು ಕ್ಷೇಮ.

ಕಾಯುವಾಗ, ಓಡುವಾಗ, ನಿಂತಾಗ

ಬನಿಯನ್ ಚಡ್ಡಿಯಲ್ಲಿ ನಿಂತ ಮಕ್ಕಳ ಮುಂದೆ ಗಣ್ಯರ ಭಾಷಣ ನಡೆಯುವುದು ನಮ್ಮ ಎಲ್ಲ ಕಡೆಯ ರೂಢಿ. ಅಷ್ಟರಲ್ಲಿ ಸ್ನಾಯುಗಳು ಬಿಗಿದಿರುತ್ತವೆ. ಸ್ವಾಗತ, ಭಾಷಣ, ಹಾರ ಎಲ್ಲವೂ ಬಹುಮಾನದ ಹೊತ್ತಿಗಿರಲಿ. ಓಟಕ್ಕೆ ಮುನ್ನ 10–15 ನಿಮಿಷ ಮೆಲ್ಲಗೆ ಓಡಿ ಮೈ ಬೆಚ್ಚಗೆ ಮಾಡಿಕೊಳ್ಳಬೇಕು. ಮೇಲಂಗಿಯನ್ನು ಕೊನೆಯ ಗಳಿಗೆಯಲ್ಲಿ ತೆಗೆದರೆ ಸಾಕು. ಚಳಿಯಲ್ಲಿ ಬಾಯಾರಿಕೆ ತಿಳಿಯದು, ಆದರೆ ಮೈ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. ದೂರದ ಓಟವಾದರೆ ದಾರಿಯಲ್ಲಿ ನೀರು ಇರಲೇಬೇಕು. ಉಬ್ಬಸವಿರುವವರಿಗೆ ತಣ್ಣನೆಯ ಒಣಗಾಳಿ ಕೆಮ್ಮು ತರುವುದುಂಟು. ಅಂಥವರು ವೈದ್ಯರನ್ನು ಕೇಳಿಯೇ ಓಡಬೇಕು. ಗುರಿ ಮುಟ್ಟಿದವರು ಒಮ್ಮೆಲೇ ಕೂರದೆ ನಾಲ್ಕು ಹೆಜ್ಜೆ ನಡೆದು, ಒಣ ಬಟ್ಟೆ ಹಾಕಿಕೊಂಡು, ಬಿಸಿ ಗಂಜಿ ಕುಡಿಯಲಿ.

ಇದು ಅತಿ ಜಾಗ್ರತೆ ಎನ್ನುವವರು 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದಲ್ಲಿ ನಡೆದುದನ್ನು ನೆನೆಯಲಿ. 100 ಕಿಲೋಮೀಟರಿನ ಬೆಟ್ಟದ ಓಟದಲ್ಲಿ ಹಠಾತ್ತನೆ ಗಾಳಿ, ಮಳೆ, ಚಳಿ ಎರಗಿ, ತೆಳು ಬಟ್ಟೆಯಲ್ಲಿದ್ದವರ ಪೈಕಿ 21 ಮಂದಿ ಸತ್ತರು. ಆರು ಜನರನ್ನು ಉಳಿಸಿದವನು ಗುಹೆಯಲ್ಲಿ ಬೆಂಕಿ, ಹೊದಿಕೆ ಇಟ್ಟುಕೊಂಡಿದ್ದ ಒಬ್ಬ ಕುರಿಗಾಹಿ. ಕೊಪ್ಪಳ ಸೀಮೆಯ ಚಳಿ ಅಷ್ಟು ಕಠಿಣವಲ್ಲ. ಆದರೆ ಮಲೆನಾಡಿನ ಮಂಜು ಅದಕ್ಕಿಂತ ಬಿರುಸೆಂಬುದನ್ನು ನಾವು ಬಲ್ಲೆವು. ನಮ್ಮ ಊರುಗಳಲ್ಲಿ ಓಟ ಏರ್ಪಡಿಸುವ ಯುವಕ ಸಂಘಗಳವರು ಬಹುಮಾನದ ಕಪ್ಪುಗಳಿಗೆ ಹಣ ಕೂಡಿಸುವ ಮೊದಲು ಗುರಿಯ ಬಳಿ ಹತ್ತು ಕಂಬಳಿ, ಒಂದು ಹಂಡೆ ಬಿಸಿನೀರು ಸಿದ್ಧಪಡಿಸಿಕೊಳ್ಳಬೇಕೆಂದು ವಿನಂತಿ.

— ಕಾರ್ಯದರ್ಶಿ