ಇಂಕಾ ದಾರಿಯಲ್ಲಿ ಮಾಚು ಪಿಚುವಿಗೆ: ಹೊರಡುವ ಮುನ್ನ

ಪೆರು ದೇಶದ ಮಾಚು ಪಿಚುವಿಗೆ ರೈಲು, ಬಸ್ಸು ಹಿಡಿದು ಹೋಗಿ ಬರಬಹುದು. ನಡೆದೇ ಹೋಗುತ್ತೇನೆ ಎನ್ನುವವರಿಗೆ ಇಂಕಾ ಜನ ಕಲ್ಲು ಹಾಸಿದ ಹಳೆಯ ದಾರಿ ಇನ್ನೂ ಇದೆ. ರೈಲು ಮಾರ್ಗದ 82ನೇ ಕಿಲೋಮೀಟರಿನಲ್ಲಿ, ಉರುಬಂಬಾ ನದಿ ದಾಟಿ ಶುರುವಾಗುವ ಈ ಚಾರಣ ಸುಮಾರು 43 ಕಿ.ಮೀ.; ನಾಲ್ಕು ಹಗಲು, ಮೂರು ರಾತ್ರಿ. ದೂರ ಕೇಳಿದರೆ ಹೆಚ್ಚೇನಲ್ಲ ಅನಿಸುತ್ತದೆ. ಕಷ್ಟವೆಲ್ಲ ಎರಡನೇ ದಿನದ್ದು. 3,000 ಮೀಟರ್ ಎತ್ತರದ ಬಿಡಾರದಿಂದ ಹೊರಟು 4,215 ಮೀಟರಿನ ವಾರ್ಮಿವಾನ್ಯುಸ್ಕ ಪಾಸ್ ಹತ್ತಬೇಕು, ಅದೇ ದಿನ ಆಚೆ ಬದಿಗೆ 600 ಮೀಟರ್ ಇಳಿಯಬೇಕು.

ಕಾಲಿನ ತಯಾರಿಯನ್ನು ನಮ್ಮಲ್ಲೇ ಮಾಡಿಕೊಳ್ಳಬಹುದು. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದವರು ಒಂದೇ ಚಾರಣದಲ್ಲಿ ಸುಮಾರು 1,600 ಮೀಟರ್ ಏರಿರುತ್ತಾರೆ. ಏರಿನ ಲೆಕ್ಕದಲ್ಲಿ ಅದು ಇಂಕಾ ದಾರಿಯ ಎರಡನೇ ದಿನಕ್ಕಿಂತ ಹೆಚ್ಚು. ಇಳಿಯುವುದನ್ನು ಮಾತ್ರ ಬೇರೆಯಾಗಿ ಅಭ್ಯಾಸ ಮಾಡಬೇಕು. ಮೂರನೇ ದಿನ ಒಂದೇ ಸಮನೆ ಸಾವಿರ ಮೀಟರಿನಷ್ಟು ಇಳಿಜಾರು, ಹೆಚ್ಚಿನದೆಲ್ಲ ಎತ್ತರ ತಗ್ಗಿನ ಕಲ್ಲು ಮೆಟ್ಟಿಲು. ಮೈಸೂರಿನವರು ಚಾಮುಂಡಿ ಬೆಟ್ಟ ಹತ್ತಿ, ಬಸ್ಸಿನಲ್ಲಿ ಇಳಿಯುವ ಬದಲು ಹೆಗಲಿಗೆ ಐದಾರು ಕಿಲೋ ಹಾಕಿಕೊಂಡು ಮೆಟ್ಟಿಲಲ್ಲೇ ಇಳಿದು ಬಂದರೆ ಮಂಡಿಗೆ ಒಳ್ಳೆಯ ತರಬೇತಿ.

ಉಸಿರಿನ ತಯಾರಿ ಇಲ್ಲಿ ಆಗುವುದಿಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ 21 ಆಗಿಯೇ ಇರುತ್ತದೆ, ಇಳಿಯುವುದು ಗಾಳಿಯ ಒತ್ತಡ. ಕುಸ್ಕೊ ನಗರದಲ್ಲಿ (3,400 ಮೀಟರ್) ಅದು ಸಮುದ್ರಮಟ್ಟದ ಮೂರನೇ ಎರಡು ಪಾಲು, ವಾರ್ಮಿವಾನ್ಯುಸ್ಕದಲ್ಲಿ ಶೇ 60ರ ಆಸುಪಾಸು. ಒಂದೊಂದು ಉಸಿರಿಗೂ ಅಷ್ಟೇ ಕಡಿಮೆ ಆಮ್ಲಜನಕ. ದೇಹ ತಕ್ಷಣ ಉಸಿರಾಟದ ವೇಗ ಹೆಚ್ಚಿಸುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ, ಅದು ಮತ್ತೆ ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಈ ಕ್ಷಾರವನ್ನು ಮೂತ್ರದಲ್ಲಿ ಹೊರಹಾಕಿ ಸಮತೋಲ ತರುವುದು ಮೂತ್ರಪಿಂಡದ ಕೆಲಸ, ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ಮ್ಯಾರಥಾನ್ ಓಡುವವರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ವೈದ್ಯರು ಬರೆದುಕೊಡುವ ಅಸೆಟಾಜೋಲಮೈಡ್ ಮಾತ್ರೆ ಮಾಡುವುದೂ ಇದೇ ಕೆಲಸವನ್ನು, ಸ್ವಲ್ಪ ಬೇಗ. ಪದೇ ಪದೇ ಮೂತ್ರ ಬರುವುದು, ಬೆರಳು ಜುಮುಗುಟ್ಟುವುದು ಅದರ ಸಾಮಾನ್ಯ ಪರಿಣಾಮಗಳು. ಸಲ್ಫಾ ಔಷಧಿ ಆಗದವರು ವೈದ್ಯರಿಗೆ ಮೊದಲೇ ಹೇಳಬೇಕು.

ಹಾಗಾಗಿ ರಜೆ ಕಡಿಮೆ ಇದ್ದರೆ ಬೇರೆ ಏನನ್ನಾದರೂ ಬಿಡಿ, ಚಾರಣಕ್ಕೆ ಮೊದಲಿನ ಮೂರು ನಾಲ್ಕು ದಿನಗಳನ್ನು ಮಾತ್ರ ಕತ್ತರಿಸಬೇಡಿ. ಸಮುದ್ರದಂಚಿನ ಲಿಮಾದಿಂದ ವಿಮಾನ ಒಂದೂಕಾಲು ಗಂಟೆಯಲ್ಲಿ ಕುಸ್ಕೊಗೆ ತಂದು ಇಳಿಸುತ್ತದೆ. ಇಳಿದವರು ಅಲ್ಲಿ ನಿಲ್ಲದೆ ಕಾರು ಹಿಡಿದು ಒಯಾಂತಾಯ್‌ತಾಂಬೊಗೆ (ಸುಮಾರು 2,800 ಮೀಟರ್) ಹೋಗಿ ಎರಡು ರಾತ್ರಿ ಕಳೆದು, ಆಮೇಲೆ ಕುಸ್ಕೊಗೆ ಹತ್ತಿ ಬಂದರೆ ದೇಹಕ್ಕೆ ಸಲೀಸು. ಕುಸ್ಕೊ ಚಾರಣದ ಮೊದಲ ಬಿಡಾರಕ್ಕಿಂತ ಎತ್ತರದಲ್ಲಿದೆ. ಅಲ್ಲಿ ಎರಡು ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂದಿದ್ದರೆ 3,600 ಮೀಟರಿನ ಎರಡನೇ ಬಿಡಾರ ಅಷ್ಟಾಗಿ ಕಾಡದು. ಭಾರತಕ್ಕೂ ಪೆರುವಿಗೂ ಹತ್ತೂವರೆ ಗಂಟೆಯ ಅಂತರ; ತಲೆನೋವು ನಿದ್ದೆಗೆಟ್ಟದ್ದರಿಂದಲೋ ಎತ್ತರದಿಂದಲೋ ಎಂಬ ಗೊಂದಲ ತಪ್ಪಿಸಲಿಕ್ಕೂ ಈ ದಿನಗಳು ಬೇಕು. ಆ ದಿನಗಳಲ್ಲಿ ಮದ್ಯವೂ ಬೇಡ, ನಿದ್ದೆ ಮಾತ್ರೆಯೂ ಬೇಡ. ಎರಡೂ ರಾತ್ರಿಯ ಉಸಿರನ್ನು ತಗ್ಗಿಸುತ್ತವೆ.

ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರುವುದು ಕಂಡರೆ ಮೇಲೆ ಹತ್ತಬಾರದು. ನೇರ ಗೆರೆಯ ಮೇಲೆ ನಡೆಯಲಾಗದೆ ತೂರಾಡಿದರೆ ಅಥವಾ ಸುಮ್ಮನೆ ಕೂತಿದ್ದರೂ ಏದುಸಿರು ಬಂದರೆ ಮಿದುಳಿಗೋ ಶ್ವಾಸಕೋಶಕ್ಕೋ ನೀರು ಸೇರುತ್ತಿದೆ ಎಂದರ್ಥ. ನಡುರಾತ್ರಿಯಾದರೂ ಕೆಳಗಿಳಿಸಬೇಕು. ಇಂಥ ಲಕ್ಷಣಗಳನ್ನು ಗೈಡ್‌ಗೆ ಹೇಳದೆ ಮುಚ್ಚಿಡುವುದು ಜೀವಕ್ಕೇ ಅಪಾಯ.

ಕಾಗದಪತ್ರಗಳ ವಿಷಯ. ಈ ದಾರಿಗೆ ದಿನಕ್ಕೆ 500 ಪರವಾನಗಿ ಮಾತ್ರ, ಅದರಲ್ಲಿ ಗೈಡ್‌ಗಳೂ ಹೊರೆ ಹೊರುವ ಪೋರ್ಟರ್‌ಗಳೂ ಸೇರಿದ್ದಾರೆ. ಒಬ್ಬರೇ ಹೋಗುವಂತಿಲ್ಲ, ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಹೋಗಬೇಕು. ಒಣಹವೆಯ ಮೇಯಿಂದ ಸೆಪ್ಟೆಂಬರ್‌ವರೆಗಿನ ದಿನಗಳು ತಿಂಗಳುಗಟ್ಟಲೆ ಮೊದಲೇ ಭರ್ತಿಯಾಗುತ್ತವೆ, ಫೆಬ್ರುವರಿಯಲ್ಲಿ ದಾರಿ ಮುಚ್ಚಿರುತ್ತದೆ. ಪರವಾನಗಿ ಪಾಸ್‌ಪೋರ್ಟ್ ಸಂಖ್ಯೆಯ ಮೇಲೆ ಸಿಗುವುದರಿಂದ ಅವಧಿ ಮುಗಿಯುತ್ತಿರುವ ಪಾಸ್‌ಪೋರ್ಟನ್ನು ಮೊದಲು ನವೀಕರಿಸಿಕೊಳ್ಳಿ. ಪೆರುವಿನಿಂದ ಮರಳುವವರಿಂದ ಭಾರತ ಹಳದಿ ಜ್ವರದ ಲಸಿಕೆ ಪತ್ರ ಕೇಳುತ್ತದೆ. ಚುಚ್ಚಿಸಿಕೊಂಡ ಹತ್ತು ದಿನದ ನಂತರವಷ್ಟೇ ಅದು ಸಿಂಧು.

ಸಾಮಾನು ಕಡಿಮೆ ಇರಲಿ. ಪಳಗಿದ ಬೂಟು, ಮಳೆ ಅಂಗಿ, ಕೈಗವಸು, ತಲೆಗೆ ಕಟ್ಟುವ ಟಾರ್ಚು, ತುದಿಗೆ ರಬ್ಬರ್ ಹಾಕಿದ ಊರುಗೋಲು. ರಬ್ಬರ್ ಇಲ್ಲದ ಲೋಹದ ಮೊನೆ ಹಳೆಯ ಕಲ್ಲುಗಳನ್ನು ಕೆತ್ತುತ್ತದೆ. ಪೋರ್ಟರ್ ಹೊರುವ ಭಾರಕ್ಕೆ ಕಾನೂನು 20 ಕಿಲೋದ ಮಿತಿ ಹಾಕಿದೆ; ಆ ಮಿತಿಯನ್ನು ಪಾಲಿಸುವ, ಅವರಿಗೆ ಸರಿಯಾದ ಊಟ, ಡೇರೆ ಕೊಡುವ ಸಂಸ್ಥೆಯನ್ನೇ ಆರಿಸಿ. ಅಗ್ಗದ ದರದ ಬೆಲೆಯನ್ನು ಅವರ ಬೆನ್ನು ತೆರಬಾರದು. ಸಸ್ಯಾಹಾರಿಗಳು ಸೂಪಿಗೆ ಕೋಳಿಯ ರಸವೂ ಬೇಡ ಎಂದು ಬಿಡಿಸಿ ಬರೆದು ತಿಳಿಸಬೇಕು. ಅನ್ನ, ಕಿನ್ವಾ, ಆಲೂಗಡ್ಡೆಗೆ ಅಲ್ಲಿ ಬರವಿಲ್ಲ.

ಇಷ್ಟೆಲ್ಲ ತಯಾರಿ ದಾರಿಯಲ್ಲಿ ಕಣ್ಣು ತೆರೆದು ನಡೆಯುವುದಕ್ಕೆ. ಮೂರನೇ ದಿನ ಸಿಗುವ ಸಯಾಕ್‌ಮಾರ್ಕಕ್ಕೆ ಮುಖ್ಯ ದಾರಿಯಿಂದ ಕಡಿದಾದ ಮೆಟ್ಟಿಲು ಹತ್ತಬೇಕು. ಬಸವಳಿದವರು ಕೆಳಗಿನಿಂದಲೇ ನೋಡಿ ಮುಂದೆ ಹೋಗುತ್ತಾರೆ. ದಯವಿಟ್ಟು ಹತ್ತಿ. ಬಂಡೆಯ ಮೂಗಿನ ಮೇಲೆ, ಬಂಡೆಯ ಆಕಾರಕ್ಕೇ ಹೊಂದಿಸಿ ಕಟ್ಟಿದ ಊರು ಅದು. ಸಂಜೆ ಮುಟ್ಟುವ ವಿನ್ಯಾಯ್ ವಾಯ್ನದಲ್ಲಿ ಬೆಟ್ಟದ ಮೈಗೆ ಬಾಗಿದ ಮೆಟ್ಟಿಲು ಗದ್ದೆಗಳು, ಒಂದರ ಕೆಳಗೊಂದು ಕಲ್ಲಿನ ನೀರುದೋಣಿಗಳು. ನನ್ನ ಮಟ್ಟಿಗೆ ಜನಜಂಗುಳಿಯ ಮಾಚು ಪಿಚುವಿಗಿಂತ ಇಂಕಾ ಜನರ ಕೈಚಳಕ ಅರ್ಥವಾಗುವ ಜಾಗ ಇದು. ಕೊನೆಯ ಬೆಳಗ್ಗೆ ನಸುಕಿನಲ್ಲೇ ಎದ್ದು ಇಂತಿ ಪುಂಕು ಹೆಬ್ಬಾಗಿಲಿಗೆ ಓಡುವವರನ್ನು ಕಂಡು ಗಾಬರಿಯಾಗಬೇಡಿ. ಬೆಳಗಿನ ಮಂಜು ಎಷ್ಟೋ ಸಲ ತಡವಾಗಿ ಬಂದವರಿಗೇ ತೆರೆದುಕೊಡುತ್ತದೆ.

ಅಲ್ಲಿನವರು ಎತ್ತರಕ್ಕೆಂದು ಕೊಡುವ ಕೋಕಾ ಎಲೆಯ ಚಹಾ ಪೆರುವಿನಲ್ಲಿ ಕಾನೂನುಬದ್ಧ. ಕುಡಿಯುವುದಾದರೆ ಅಲ್ಲೇ ಕುಡಿಯಿರಿ. ಭಾರತದ 1985ರ ಮಾದಕವಸ್ತು ಕಾಯ್ದೆಯಡಿ ಕೋಕಾ ಎಲೆ ನಿಷಿದ್ಧ. ಊರಿಗೆ ಹೊರಡುವ ಮುನ್ನ ಚೀಲದ ಜೇಬುಗಳನ್ನೆಲ್ಲ ತಡವಿ, ಒಂದು ಚಹಾ ಪೊಟ್ಟಣವೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.