ಎಣ್ಣೆ ಸೋಕದ ಗಾಳಿ

ಬೆಂಗಳೂರಿನ ಪೀಣ್ಯದ ಒಂದು ರಿಪೇರಿ ಶೆಡ್ಡಿನ ಮೇಜಿನ ಮೇಲೆ, ಗಾಳಿ ಒತ್ತುವ ‘ಆಯಿಲ್ ಫ್ರೀ’ ಸ್ಕ್ರೂ ಕಂಪ್ರೆಸರಿನ ಎರಡು ರೋಟರುಗಳನ್ನು ಬಿಚ್ಚಿಟ್ಟಿದ್ದರು. ಒಂದರ ಎಳೆ ಉಬ್ಬು, ಇನ್ನೊಂದರದು ತಗ್ಗು. ಗಂಡು, ಹೆಣ್ಣು ಎಂದೇ ಅವುಗಳ ಹೆಸರು. ನಿಮಿಷಕ್ಕೆ ಸಾವಿರಾರು ಸುತ್ತು ಹಾಕುವ ಈ ಜೋಡಿ ಜೀವಮಾನದಲ್ಲಿ ಒಮ್ಮೆಯೂ ಪರಸ್ಪರ ಮುಟ್ಟುವ ಹಾಗಿಲ್ಲ! ಮುಟ್ಟಿದರೆ ಗಾಳಿ ಒತ್ತುವ ಆ ಇಡೀ ಭಾಗ, ಅಂದರೆ ಏರೆಂಡ್, ಗುಜರಿಗೆ. ಕೂದಲೆಳೆಯ ಸಂದು ಕಾಯಲೆಂದೇ ಪಕ್ಕದಲ್ಲಿ ಟೈಮಿಂಗ್ ಗೇರ್ ಇದೆ. ಗೇರಿಗೂ ಬೇರಿಂಗಿಗೂ ಎಣ್ಣೆ ಬೇಕು. ಗಾಳಿಯ ದಾರಿಗೆ ಮಾತ್ರ ಅದು ನುಸುಳದಂತೆ ಸೀಲ್ ಕಾವಲು. ಅಂದರೆ ‘ಆಯಿಲ್ ಫ್ರೀ’ ಎಂದು ಬರೆಸಿಕೊಂಡ ದೊಡ್ಡ ಸ್ಕ್ರೂ ಕಂಪ್ರೆಸರಿನ ಹೊಟ್ಟೆಯಲ್ಲೂ ಎಣ್ಣೆ ಉಂಟು. ಇದು ತಿಳಿದಾಗ ನನಗಾದ ಖುಷಿ ಇನ್ನೂ ಇಳಿದಿಲ್ಲ.

ಇನ್ನೊಂದು ತಮಾಷೆ. ಆಯಿಲ್ ಫ್ರೀಯನ್ನು ಹೊಸ ತಂತ್ರಜ್ಞಾನವೆಂದು ಮಾರುತ್ತಾರೆ. ಸ್ಕ್ರೂ ಜಾತಿಯಲ್ಲಿ ಅದೇ ಹಿರಿಯಣ್ಣ. 1878ರಲ್ಲಿ ಜರ್ಮನಿಯ ಹೈನ್ರಿಕ್ ಕ್ರಿಗಾರ್ ಸ್ಕ್ರೂ ಕಂಪ್ರೆಸರಿಗೆ ಪೇಟೆಂಟ್ ಪಡೆದರು, 1930ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ಲಿಸ್‌ಹೋಲ್ಮ್ ಅದನ್ನು ಕೆಲಸಕ್ಕೆ ಹಚ್ಚಿದರು, ರೋಟರುಗಳ ನಡುವೆ ಎಣ್ಣೆ ಚಿಮ್ಮಿಸುವ ಉಪಾಯ ಬಳಕೆಗೆ ಬಂದದ್ದು 1950ರ ದಶಕದಲ್ಲಿ.

ಎಣ್ಣೆ ಸವೆತವನ್ನಷ್ಟೇ ತಡೆಯುವುದಿಲ್ಲ. ಸಂದು ಮುಚ್ಚುತ್ತದೆ, ಬಿಸಿ ಹೀರುತ್ತದೆ. ಅದಿದ್ದರೆ ಹೊರಬರುವ ಗಾಳಿ 80ರಿಂದ 100 ಡಿಗ್ರಿಯಲ್ಲಿರುತ್ತದೆ. ಎಣ್ಣೆಯಿಲ್ಲದೆ ಒಂದೇ ಏಟಿಗೆ 7 ಬಾರ್‌ಗೆ ಒತ್ತಿದರೆ 250 ಡಿಗ್ರಿ ದಾಟೀತು. ಅದಕ್ಕೇ ಎರಡು ಹಂತ, ನಡುವೆ ಕೂಲರ್. ಬೆಲೆ ಏರುವುದು ಇಲ್ಲೇ. ದಂತವೈದ್ಯರ ಬಳಿಯಿರುವ ಪುಟ್ಟ ಪಿಸ್ಟನ್ ಯಂತ್ರದ್ದು ಬೇರೆ ದಾರಿ: ತಾನೇ ಜಾರುವ ಟೆಫ್ಲಾನ್ ರಿಂಗು. ರಿಂಗು ಸವೆಯುತ್ತದೆ, ಬದಲಿಸಬೇಕು.

ಮಾರಾಟಗಾರರ ‘ಕ್ಲಾಸ್ ಝೀರೋ’ ಜಪದ ಬಗ್ಗೆ ಮಾತ್ರ ನನಗೆ ಗುಮಾನಿ. ಒತ್ತಿದ ಗಾಳಿಯ ಶುದ್ಧತೆಯ ಮಾನದಂಡವಾದ ಐಎಸ್ಒ 8573-1ರ ಒಂದನೇ ದರ್ಜೆಯಲ್ಲಿ ಘನ ಮೀಟರಿಗೆ ಎಣ್ಣೆಯ ಮಿತಿ 0.01 ಮಿಲಿಗ್ರಾಂ. ಸೊನ್ನೆ ದರ್ಜೆ ಅದಕ್ಕಿಂತ ಬಿಗಿ, ಅಷ್ಟೇ. ಎಷ್ಟು ಬಿಗಿ ಎಂಬುದನ್ನು ಕೊಳ್ಳುವವರು, ಮಾರುವವರು ಬರೆದುಕೊಳ್ಳಬೇಕು. ಮೇಲಾಗಿ ಯಂತ್ರ ಎಳೆದುಕೊಳ್ಳುವುದು ಬೀದಿಯ ಗಾಳಿಯನ್ನು. 7 ಬಾರ್ ಎಂದರೆ ಸುಮಾರು ಎಂಟು ಘನ ಮೀಟರ್ ಗಾಳಿಯನ್ನು ಒಂದಕ್ಕೆ ಅದುಮಿದಂತೆ. ಲಾರಿ ಹೊಗೆ ನುಗ್ಗುವ ಕಡೆ ಬಾಯಿ ತೆರೆದಿಟ್ಟರೆ ಎಂಥ ಆಯಿಲ್ ಫ್ರೀಯೂ ಆ ಹೊಗೆಯನ್ನೇ ಗಟ್ಟಿಮಾಡಿ ಕೊಡುತ್ತದೆ.

ಹಾಗಂತ ಅದು ಬೇಡವೆಂದಲ್ಲ. ರೋಗಿಯ ಬಾಯಿ, ಮಾತ್ರೆ, ಹಾಲಿನ ಪುಡಿ ಇವುಗಳಿಗೆ ಗಾಳಿ ತಾಗುವುದಾದರೆ ಚೌಕಾಸಿ ಮಾಡಬೇಡಿ. ಪಂಕ್ಚರ್ ಅಂಗಡಿಗೆ, ಗ್ಯಾರೇಜಿಗೆ ಎಣ್ಣೆಯ ಯಂತ್ರವೇ ಸರಿ: ಅಗ್ಗ, ಬಾಳಿಕೆ ಹೆಚ್ಚು. ಕಾರಿಗೆ ಬಣ್ಣ ಹೊಡೆಯುವವರದು ನಡುವಿನ ಸ್ಥಿತಿ. ಎಣ್ಣೆಯ ಹನಿ ಬಿದ್ದಲ್ಲಿ ಬಣ್ಣ ಹಿಡಿಯದೆ ‘ಫಿಶ್ ಐ’ ಕುಳಿಗಳು ಏಳುತ್ತವೆ. ಒಳ್ಳೆಯ ಫಿಲ್ಟರ್ ಹಾಕಿ ಎಣ್ಣೆಯ ಯಂತ್ರದಲ್ಲೇ ಸಾಗಿಸಬಹುದು, ಕಾಲಕಾಲಕ್ಕೆ ಫಿಲ್ಟರ್ ಬದಲಿಸುವ ಶಿಸ್ತಿದ್ದರೆ.

ಯಾವುದನ್ನೇ ಕೊಳ್ಳಿ, ಟ್ಯಾಂಕಿನ ತಳದಲ್ಲಿ ನೀರು ಸೇರದೆ ಇರದು. ಡ್ರೇನ್ ವಾಲ್ವನ್ನು ದಿನಕ್ಕೊಮ್ಮೆ ತೆರೆದು ಖಾಲಿ ಮಾಡಿ.